ಸೊನ್ನೆ ನಂಬರಿನ ಪೊಟ್ಟಣ

ತಂಗಿಗೆ ಏನೋ ಕಾಯಿಲೆಯಿದೆ, ನನ್ನಿಂದ ಮುಚ್ಚಿಡುತ್ತಿದ್ದಾಳೆ ಎಂಬ ಅನುಮಾನ ನನಗೆ ಹುಟ್ಟಿದ್ದು ಅವಳು ಮನೆಗೆ ತರುತ್ತಿದ್ದ ಪೊಟ್ಟಣಗಳಿಂದ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಅಮ್ಮ ಹೋದ ಮೇಲೆ ಶ್ರೀನಗರ ಬಡಾವಣೆಯ ಬಾಡಿಗೆ ಮನೆಯಲ್ಲಿ ನಾವಿಬ್ಬರೇ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದೆ. ಅವಳು ರಸಾಯನಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು. ಅವಳು ಮಾಡುತ್ತಿದ್ದದ್ದು ಬೆಳಕು ಕೊಡುವ ಪುಡಿಯಂತೆ, ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಂತೆ. ಕಾಣದ್ದನ್ನು ಮಾಡಲು ನಾಲ್ಕು ವರ್ಷ ಯಾಕೆ ಬೇಕು ಎಂದು ಕೇಳಿದ್ದಕ್ಕೆ ಎದ್ದುಹೋಗಿದ್ದಳು.

ಒಂದು ಗುರುವಾರ ಟಿಫಿನ್ ಡಬ್ಬಿಯೊಂದನ್ನು ಬೀರುವಿನಲ್ಲಿಟ್ಟು, "ಇದನ್ನ ಮುಟ್ಬೇಡ ಕಣೇ ಅಕ್ಕ" ಎಂದಳು. ಭಾನುವಾರ ಪದ್ಮನಾಭನಗರದಿಂದ ಗಂಡಿನ ಕಡೆಯವರು ಬರುವವರಿದ್ದರು. ಕಾಯಿಲೆ ಆಮೇಲೆ ಗೊತ್ತಾದರೆ ಬೈಸಿಕೊಳ್ಳಬೇಕಾದವಳು ನಾನು. ಮಾರನೇ ದಿನ ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಾಗ ಡಬ್ಬಿ ತೆಗೆದೆ. ಹೋಮಿಯೋಪತಿ ಡಾಕ್ಟರು ಕಟ್ಟಿಕೊಡುವಂಥ ಐದು ಪೊಟ್ಟಣ. ಒಂದರ ಮೇಲೆ ಸೊನ್ನೆ, ಉಳಿದವುಗಳ ಮೇಲೆ ಒಂದು, ಮೂರು, ಐದು, ಏಳು. ಡೋಸು ಎಂದುಕೊಂಡೆ. ಪೇಪರಿನ ಮೇಲೆ ಎಲ್ಲವನ್ನೂ ಬಿಚ್ಚಿ ಮೂಸಿದೆ. ಒಂದನ್ನು ನಾಲಿಗೆಗೆ ಮುಟ್ಟಿಸಿದೆ. ಸಿಹಿಯೂ ಇಲ್ಲ, ಕಹಿಯೂ ಇಲ್ಲ. ಅಷ್ಟರಲ್ಲಿ ಬಚ್ಚಲಲ್ಲಿ ಚೊಂಬಿನ ಸದ್ದು ನಿಂತಿತು. ಗಾಬರಿಗೆ ಎರಡು ಪೊಟ್ಟಣ ಚೆಲ್ಲಿದವು. ಎಲ್ಲ ಒಂದೇ ಬಿಳಿ. ಕಡಿಮೆಯಾದದ್ದಕ್ಕೆ ಹೆಚ್ಚಿದ್ದರಿಂದ ಹಾಕಿ, ಸಮ ಮಾಡಿ ಮಡಚಿಟ್ಟೆ.

ಅವಳು ಅವನ್ನು ಬೇರೊಂದು ಸಂಸ್ಥೆಗೆ ಒಯ್ದಳು. ಅಲ್ಲಿನ ಯಂತ್ರದ ಸರದಿಗೆ ಎರಡು ತಿಂಗಳು ಕಾದಿದ್ದಳಂತೆ. ಸಂಜೆ ಬಂದವಳು ಊಟ ಮಾಡಲಿಲ್ಲ. ಯುರೋಪಿಯಂ ಎಂಬ ಲೋಹ ಚೂರೇ ಚೂರು ಸೇರಿದರೂ ಆ ಪುಡಿ ನೇರಳಾತೀತ ದೀಪದಡಿ ಕೆಂಪಗೆ ಹೊಳೆಯುತ್ತದಂತೆ. ಅದನ್ನು ಸೇರಿಸದೇ ಇದ್ದ ಸೊನ್ನೆ ನಂಬರಿನದೂ ಹೊಳೆದಿತ್ತು. ಗೈಡ್ ಅವಳ ಹಳೆಯ ರೀಡಿಂಗುಗಳನ್ನೂ ನಂಬದೆ ನೋಟ್‌ಬುಕ್ಕುಗಳನ್ನೆಲ್ಲ ತರಿಸಿಕೊಂಡರು. ಪೊಟ್ಟಣದಲ್ಲಿದ್ದದ್ದು ಔಷಧಿಯಲ್ಲ ಎಂದು ಆಗಲೇ ನನಗೆ ಅರ್ಥವಾಯಿತು.

ತಂಗಿಯ ಅನುಮಾನ ಹೋದದ್ದು ಲ್ಯಾಬಿನ ಗೆಳತಿಯ ಮೇಲೆ. ಯಡಿಯೂರಿನ ಆ ಹುಡುಗಿಯೇ ಪುಡಿ ತೂಗಿ ಕಟ್ಟಲು ನೆರವಾಗಿದ್ದಳು. ಹೊಟ್ಟೆಕಿಚ್ಚಿಗೆ ಬೆರೆಸಿದ್ದಾಳೆ ಎಂದು ತಂಗಿ ಗೈಡ್‌ಗೂ ಹೇಳಿಬಿಟ್ಟಳು. ನನ್ನೆದುರು ಅದನ್ನೇ ಹೇಳಿ ಅತ್ತಾಗ ನಾನು ರವಿಕೆಗೆ ಹುಕ್ಸ್ ಹಾಕುತ್ತ ಕುಳಿತಿದ್ದೆ.

ವಾರದ ನಂತರ, ತಂಗಿ ಇಲ್ಲದ ಹೊತ್ತಿಗೆ, ಆ ಹುಡುಗಿ ಮನೆಗೆ ಬಂದಳು. ಒಳಗೆ ಕರೆದರೂ ಬರಲಿಲ್ಲ.

"ಅಕ್ಕಾ, ಡಬ್ಬಿ ಆವತ್ತು ರಾತ್ರಿ ಇಲ್ಲೇ ಇತ್ತಲ್ಲ. ನೀವೇನಾದ್ರೂ ಮುಟ್ಟಿದ್ರಾ?"

"ನಾನು ಓದ್ದೋಳಲ್ಲಮ್ಮ. ನಿಮ್ ಪುಡಿಗಿಡಿ ನಂಗೇನ್ ಗೊತ್ತಾಗತ್ತೆ?"

"ಗೊತ್ತಾಗೋದು ಬೇಡ ಅಕ್ಕ. ಮುಟ್ಟಿದ್ರಾ ಅಂತ ಕೇಳ್ದೆ ಅಷ್ಟೇ."

ಇಲ್ಲ ಎಂದೆ. ಅವಳು ಗೇಟು ಮುಚ್ಚಿಕೊಂಡು ಹೋದಳು. ಆ ತಿಂಗಳೇ ಲ್ಯಾಬ್ ಬಿಟ್ಟು ಬೇರೆ ಕಡೆ ಹೋದಳು. ತಂಗಿ ಐದೂ ಪುಡಿಗಳನ್ನು ಮೊದಲಿನಿಂದ ಮಾಡಿದಳು. ಈ ಸಲ ಸೊನ್ನೆ ನಂಬರಿನದು ಹೊಳೆಯಲಿಲ್ಲ.

"ನೋಡಿದ್ಯಾ, ಅವಳು ಹೋದ್ಲು, ಎಲ್ಲ ಸರಿಹೋಯ್ತು" ಎಂದಳು.

ನಾನು ಹೌದು ಎಂದೆ.