ಸನೋಬರ್ ಕಚ್ಚಿಟ್ಟು ಹೋದ ರೊಟ್ಟಿ

ಮಾರ್ಗಿಲಾನ್ ಊರಿನ ರೇಷ್ಮೆ ಮಗ್ಗಗಳು ಇನ್ನೂ ಎದ್ದಿಲ್ಲ. ಕಾಲುವೆ ಪಕ್ಕದ ಓಣಿಯ ಒಂದು ಅಂಗಳದಲ್ಲಿ ಮಾತ್ರ ಹತ್ತಿಕಟ್ಟಿಗೆ ಚಟಪಟನೆ ಉರಿದು ಕೆಂಡವಾಗಿದೆ. ಸನೋಬರ್ ಆಪಾ ತಟ್ಟಿದ ಹಿಟ್ಟಿನ ನಡುವೆ ಮುಳ್ಳಚ್ಚು ಒತ್ತುತ್ತಾರೆ, ಕರಿಜೀರಿಗೆ ಉದುರಿಸುತ್ತಾರೆ, ಕೈಯಲ್ಲಿ ಹಿಡಿಯುವ ದುಂಡು ಮೆತ್ತೆಯ ಮೇಲೆ ಮಗುಚಿಕೊಂಡು ಅದರ ಬೆನ್ನಿಗೆ ಉಪ್ಪುನೀರು ಸವರುತ್ತಾರೆ. ಆಮೇಲೆ ಎಡಗೈಯಲ್ಲಿ ತಂದೂರಿನ ಕಟ್ಟೆ ಹಿಡಿದು, ತಲೆ, ಭುಜ ಎಲ್ಲವನ್ನೂ ಒಳಗೆ ತೂರಿಸಿ, ರೊಟ್ಟಿಯನ್ನು ಗೋಡೆಗೆ ಧಪ್ಪೆಂದು ಬಡಿದು ಹೊರಗೆ ಬರುತ್ತಾರೆ. ಬಲಗಣ್ಣಿಗೆ ಝಳ ತಾಗದಿರಲಿ ಎಂದು ಗ್ಯಾರೇಜಿನವರು ಹಾಕುವಂಥ ದೊಡ್ಡ ಕನ್ನಡಕ ಹಾಕಿಕೊಂಡಿದ್ದಾರೆ. ಓಣಿಯ ಮಕ್ಕಳು ಅವರನ್ನು ಪೈಲಟ್ ಆಪಾ ಎಂದೇ ಕರೆಯುವುದು.

ಬೆಳಗಿನ ಎರಡು ಸರದಿಯಲ್ಲಿ ನೂರಿಪ್ಪತ್ತು ರೊಟ್ಟಿ ಆಗುತ್ತದೆ. ಅರ್ಧ ಚೌಕದ ಚಹಾದಂಗಡಿಗಳಿಗೆ, ಅರ್ಧ ಮಗ್ಗದ ಮನೆಗಳಿಗೆ. ಬಿಸಿ ರೊಟ್ಟಿ ಮುರಿದು ಕೆನೆಗೆ ಅದ್ದುವವರಿಗೆ ಇದನ್ನು ಸುಟ್ಟವರ ಬಲಗಿವಿ ಪೂರ್ತಿ ಕಿವುಡು ಎಂಬುದು ಗೊತ್ತಿಲ್ಲ. ಅವರ ತಲೆಯೊಳಗಿನಿಂದ ಒಂದು ಗಡ್ಡೆಯನ್ನು ತೆಗೆದಿದ್ದಾರೆ ಎಂಬುದಂತೂ ಗೊತ್ತೇ ಇಲ್ಲ.

ತಂದೂರು ಅತ್ತೆ ಹಿದಾಯತ್ ಅವರದು. ಬಾಯಲ್ಲಿ ಮೂರೇ ಹಲ್ಲು ಉಳಿದಿರುವ, ನಾಲಿಗೆಯ ಹರಿತ ಮಾತ್ರ ಒಂದಿಷ್ಟೂ ಕಡಿಮೆಯಾಗದ ಮುದುಕಿ. ಸೊಸೆಗೆ ಕೆಲಸ ಕಲಿಸಿದವರು ಅವರೇ. ಬೆಂದಿದೆಯೋ ಇಲ್ಲವೋ ತಿಳಿಯಲು ರೊಟ್ಟಿಯ ಬೆನ್ನಿಗೆ ಗೆಣ್ಣಿನಿಂದ ಬಡಿದು ಕಿವಿಯ ಹತ್ತಿರ ಹಿಡಿಯಬೇಕು. ಟಣ್ ಎಂದರೆ ಬೆಂದಿದೆ, ಮಂಕಾಗಿ ಕೇಳಿದರೆ ಇನ್ನೂ ಹಸಿ. ಈ ಮನೆಯ ಅಡುಗೆಯ ಗಡಿಯಾರ ಅದೇ.

ಎಡವಟ್ಟಾದದ್ದೂ ಅಲ್ಲೇ. ಒಂದು ಬೇಸಿಗೆಯಲ್ಲಿ ಸನೋಬರ್‌ಗೆ ಯಾವ ರೊಟ್ಟಿ ಬಡಿದರೂ ಮಂಕಾಗಿಯೇ ಕೇಳತೊಡಗಿತು. ಬೆಂದಿಲ್ಲವೆಂದು ಇನ್ನಷ್ಟು ಹೊತ್ತು ಬಿಟ್ಟರು. ತಳ ಸೀದು ಚಹಾದಂಗಡಿಯವರು ಗೊಣಗಿದರು. ತಪ್ಪೆಲ್ಲ ಗಂಡ ಎರ್ಗಶ್ ತಂದ ಹತ್ತಿಕಟ್ಟಿಗೆಯ ತಲೆಗೆ ಬಂತು, ಒದ್ದೆ ಕಟ್ಟಿಗೆ ತಂದಿದ್ದಾನೆಂದು ಪಾಪ ಆತ ವಾರಗಟ್ಟಲೆ ಬೈಸಿಕೊಂಡ. ಬಲಗಿವಿಯೊಳಗೆ ಒಲೆ ಊದಿದಂತೆ ಗುಂಯ್ ಎನ್ನುವುದಕ್ಕೂ, ನಡೆಯುವಾಗ ಜೋಲಿ ಹೊಡೆಯುವುದಕ್ಕೂ ಹೊಗೆಯೇ ಕಾರಣ ಎಂದುಕೊಂಡರು. ಒಂದು ದಿನ ಬಲಗೈ ಸುಟ್ಟು, ರೊಟ್ಟಿಯನ್ನು ಎಡಗೈಯಲ್ಲಿ ಎಡಗಿವಿಗೆ ಹಿಡಿದರು. ಅದು ಟಣ್ ಎಂದಿತು.

"ಮತ್ತೆ ಬಲಗಡೆ ಹಿಡಿದ್ರೆ ಮಂಕು, ಎಡಗಡೆ ಹಿಡಿದ್ರೆ ಟಣ್," ಎನ್ನುತ್ತಾರೆ ಸನೋಬರ್. "ಹಸಿ ಇದ್ದದ್ದು ರೊಟ್ಟಿ ಅಲ್ಲ, ನನ್ನ ಕಿವಿ. ಮೊದಲು ಹೋಗಿ ನಮ್ಮೋರ ಹತ್ರ ಕಟ್ಟಿಗೆ ವಿಷಯಕ್ಕೆ ಕ್ಷಮೆ ಕೇಳಿದೆ."

ಸ್ಕ್ಯಾನ್ ಮಾಡಿದಾಗ ಸಿಕ್ಕಿದ್ದು ಅಕೌಸ್ಟಿಕ್ ನ್ಯೂರೋಮಾ, ಕಿವಿಯಿಂದ ಮಿದುಳಿಗೆ ಹೋಗುವ ನರದ ಮೇಲೆ ಬೆಳೆದ ಗಡ್ಡೆ. ತಾಷ್ಕೆಂಟಿನ ಡಾಕ್ಟರಮ್ಮ ಚಿತ್ರ ಬರೆದು ವಿವರಿಸಿದರು. ಇದು ಕ್ಯಾನ್ಸರ್ ಅಲ್ಲ, ನಿಧಾನವಾಗಿ ಬೆಳೆಯುವಂಥದ್ದು. ಚಿಕ್ಕದಾಗಿದ್ದರೆ ಸುಮ್ಮನೆ ಕಾದು ನೋಡಬಹುದಿತ್ತು, ಆದರೆ ಇದು ಮಿದುಳನ್ನು ಒತ್ತುವಷ್ಟಾಗಿದೆ, ತೆಗೆಯಲೇಬೇಕು. ಆ ಕಿವಿ ಮತ್ತೆ ಕೇಳುವುದಿಲ್ಲ. ಮುಖದ ನರ ಪಕ್ಕದಲ್ಲೇ ಇರುವುದರಿಂದ ಅರ್ಧ ಮುಖ ಸೋಲಬಹುದು. ಸನೋಬರ್ ಎಲ್ಲ ಕೇಳಿಸಿಕೊಂಡು, ನಾನು ಮತ್ತೆ ತಂದೂರಿಗೆ ಬಾಗಬಹುದಾ ಎಂದು ಒಂದೇ ಪ್ರಶ್ನೆ ಕೇಳಿದರು. ಕೆಲವು ವಾರ ಬಾಗಲೇಬಾರದು, ಭಾರ ಎತ್ತಬಾರದು, ಜೋರಾಗಿ ಮೂಗು ಸೀಟಲೂ ಬಾರದು, ಆಮೇಲಿನದಕ್ಕೆ ಮಾತು ಕೊಡಲಾರೆ ಎಂದರು ಡಾಕ್ಟರಮ್ಮ. ಬಲಗಿವಿ ಮಾಡುತ್ತಿದ್ದ ಸಮತೋಲದ ಕೆಲಸವನ್ನು ಎಡಗಿವಿ ಕಲಿಯಬೇಕು, ಅದು ಎಷ್ಟು ಕಲಿಯುತ್ತದೋ ಅಷ್ಟು.

ಊರಿಗೆ ಬಂದು ತಯಾರಿ ಶುರು ಮಾಡಿದರು. ಹೆಬ್ಬೆರಳ ಮೇಲೆ ದೃಷ್ಟಿ ನೆಟ್ಟು ತಲೆಯನ್ನು ಅತ್ತಿತ್ತ ಆಡಿಸುವ ಕಸರತ್ತನ್ನು ಆಪರೇಷನ್ನಿಗೆ ಮುಂಚೆಯೇ ರೂಢಿಸಿಕೊಂಡರು. ಎತ್ತರದ ದಿಂಬಿಗೆ ತಲೆ ಕೊಟ್ಟು ಮಲಗುವುದನ್ನು ಕಲಿತರು. ಎರ್ಗಶ್ ಅಂಗಳದ ಗೋಡೆಯುದ್ದಕ್ಕೂ ಬಚ್ಚಲಿನವರೆಗೆ ಹಗ್ಗ ಕಟ್ಟಿದ. ಎಂದೋ ಕೆಲಸ ಬಿಟ್ಟು ಕೂತಿದ್ದ ಹಿದಾಯತ್ ತಲೆವಸ್ತ್ರ ಬಿಗಿದು ಮತ್ತೆ ತಂದೂರಿನ ಮುಂದೆ ನಿಂತರು.

ಹತ್ತಿ ಬಿಡಿಸುವ ಕಾಲ ಮುಗಿಯುವಾಗ ಹೊರಟದ್ದು. ಇಲ್ಲಿಯ ರೂಢಿಯಂತೆ ಮನೆಯಿಂದ ದೂರ ಹೋಗುವವರು ಒಂದು ರೊಟ್ಟಿಯ ಅಂಚು ಕಚ್ಚಿ ಹೋಗಬೇಕು, ಉಳಿದದ್ದು ಅವರು ವಾಪಸ್ ಬಂದು ತಿನ್ನುವವರೆಗೆ ಗೋಡೆಯಲ್ಲಿ ಕಾಯಬೇಕು. ಸನೋಬರ್ ಕಚ್ಚಿದರು. ಹಿದಾಯತ್ ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ಬಟ್ಟೆಯಲ್ಲಿ ಸುತ್ತುವುದು, ಮೊಳೆಗೆ ತೂಗುಹಾಕುವುದು ಎಲ್ಲ ನನಗಿರಲಿ, ನೀನು ಬಸ್ಸು ಹತ್ತು ಎಂದರು.

ಆಪರೇಷನ್ ಬೆಳಗಿನಿಂದ ಸಂಜೆಯವರೆಗೆ ನಡೆಯಿತು. ಎಚ್ಚರವಾದಾಗ ಛಾವಣಿ ಗಿರಗಿರನೆ ಸುತ್ತುತ್ತಿತ್ತು, ನೀರು ಕುಡಿದರೂ ವಾಂತಿ. ಬಲಗಣ್ಣು ಮುಚ್ಚುತ್ತಿರಲಿಲ್ಲ, ಚಹಾ ಬಾಯಿಯ ಬಲ ಮೂಲೆಯಿಂದ ಸೋರುತ್ತಿತ್ತು. ಹಗಲೆಲ್ಲ ಕಣ್ಣಿಗೆ ಹನಿ ಔಷಧಿ, ರಾತ್ರಿ ರೆಪ್ಪೆಗೆ ಪಟ್ಟಿ. ಗಡ್ಡೆ ಪೂರ್ತಿ ಹೊರಗೆ ಬಂದಿದೆ, ಮುಖದ ನರ ಉಳಿದಿದೆ, ಮುಖ ನಿಧಾನವಾಗಿ ಸರಿಹೋಗುತ್ತದೆ ಎಂದು ಡಾಕ್ಟರಮ್ಮ ಹೇಳಿದ್ದನ್ನು ಎರ್ಗಶ್ ಎಡಗಿವಿಯಲ್ಲಿ ಮತ್ತೆ ಮತ್ತೆ ಹೇಳಿದ.

ಮನೆಗೆ ಬಂದಾಗ ಸೊಸೆ ಚಪ್ಪಲಿ ಬಿಡುವ ಮೊದಲೇ ಅತ್ತೆ ಗೋಡೆಯ ಗಂಟನ್ನು ಇಳಿಸಲು ಹೋದರು. ಸನೋಬರ್ ತಡೆದರು.

"ನಾನಿನ್ನೂ ಬಂದಿಲ್ಲ ಅತ್ತೆ. ಆಸ್ಪತ್ರೆಯಿಂದ ಬಂದಿದೀನಿ, ಅಷ್ಟೆ. ತಂದೂರಿಗೆ ಬಾಗಿದ ದಿನ ಬಂದ ಹಾಗೆ."

ಹಿದಾಯತ್‌ಗೆ ಎಲ್ಲಿಲ್ಲದ ಸಿಟ್ಟು. ಬಂದವರ ರೊಟ್ಟಿ ಗೋಡೆಯಲ್ಲಿ ತೂಗಬಾರದು, ಇದೆಂಥ ಹಟ ಎಂದು ರೇಗಿದರು. ಆಮೇಲೆ ಸೊಸೆಯ ಜೊತೆ ಮಾತು ಬಿಟ್ಟು ತಂದೂರಿನ ಜೊತೆ ಮಾತಾಡತೊಡಗಿದರು, ಕೇಳಿದೆಯಾ, ನಿನ್ನ ಒಡತಿ ಇನ್ನೂ ಊರಿಗೇ ಬಂದಿಲ್ಲವಂತೆ ಎಂದು. ಜಾಸ್ತಿ ಬೈಯಬೇಕೆನಿಸಿದಾಗ ಬೇಕೆಂದೇ ಸೊಸೆಯ ಬಲಗಡೆ ಬಂದು ಕೂರುತ್ತಿದ್ದರು. ತಮ್ಮ ಹೊಟ್ಟೆಯುರಿಯೂ ತಣ್ಣಗಾಗಬೇಕು, ಆಕೆಗೂ ಕೇಳಿಸಬಾರದು.

ಚಳಿಗಾಲವೆಲ್ಲ ಸನೋಬರ್ ನಡೆದರು. ಮೊದಲು ಹಗ್ಗ ಹಿಡಿದು, ಆಮೇಲೆ ಗೋಡೆ ಸವರಿಕೊಂಡು, ಆಮೇಲೆ ಕಾಲುವೆ ದಂಡೆಯ ಹಿಪ್ಪುನೇರಳೆ ಮರಗಳ ಸಾಲಿನಲ್ಲಿ. ಬಲಕ್ಕೆ ವಾಲಿದಾಗ ಮಗ್ಗದ ಹೆಂಗಸರು, ಯಾರ ಮದುವೆಯಲ್ಲಿ ಕುಡಿದೆ ಎಂದು ಕಿಚಾಯಿಸುತ್ತಿದ್ದರು. ಇದ್ದಕ್ಕಿದ್ದಂತೆ ಸುಸ್ತಾಗಿ ಹಗಲೇ ಮಲಗಿಬಿಡುತ್ತಿದ್ದರು, ತಲೆನೋವು ಬೇರೆ. ಕನ್ನಡಿ ಮುಂದೆ ತುಟಿ ಎಳೆಯುವ ಕಸರತ್ತು ಮಾಡಿ ಮಾಡಿ, ಒಂದು ದಿನ ಬಲಗೆನ್ನೆ ಒಂದಿಷ್ಟು ಅಲುಗಿತು. ಎರ್ಗಶ್ ಅದನ್ನು ಓಣಿಯವರಿಗೆಲ್ಲ ಹೇಳಿಕೊಂಡು ಬಂದ.

ಬಾಗಲು ಡಾಕ್ಟರಮ್ಮನ ಅಪ್ಪಣೆ ಸಿಕ್ಕಿದಾಗ ವಸಂತ ಬಂದಿತ್ತು. ಆರಿದ ತಂದೂರಿನಲ್ಲಿ ಅಭ್ಯಾಸ ಮಾಡಿಕೊಂಡು, ಕೊನೆಗೊಂದು ಬೆಳಗ್ಗೆ ಕೆಂಡದ ಮೇಲೆ ಬಾಗಿದರು. ಒಳಗಿನ ಕತ್ತಲೆಯಲ್ಲಿ ಮೇಲೆ ಯಾವುದು ಕೆಳಗೆ ಯಾವುದು ತಿಳಿಯಲಿಲ್ಲ. ರೊಟ್ಟಿ ಬೂದಿಗೆ ಬಿತ್ತು. ಹಿಂದಕ್ಕೆ ಸರಿದು ನೆಲದ ಮೇಲೆ ಕೂತು, ಆಸ್ಪತ್ರೆಯಲ್ಲೂ ಅಳದಿದ್ದ ಹೆಣ್ಣುಮಗಳು ಬಿಕ್ಕಿ ಬಿಕ್ಕಿ ಅತ್ತರು.

ಹಿದಾಯತ್ ರೊಟ್ಟಿಯನ್ನು ಕೊಕ್ಕೆಯಿಂದ ಎಳೆದು, ಬೂದಿ ಊದಿ, ಮುತ್ತಿಟ್ಟು ಹಣೆಗೆ ಒತ್ತಿಕೊಂಡರು. ಆಮೇಲೆ ಸೊಸೆಯ ಎಡಗಡೆ ಬಂದು ನಿಂತರು.

"ಎಡಗೈಲಿ ಕಟ್ಟೆ ಹಿಡ್ಕೋ."

ಕಟ್ಟೆ ಹಿಡಿದು ಬಾಗುವವರು ಹೊಸದಾಗಿ ಕಲಿಯುವ ಹುಡುಗಿಯರು ಮಾತ್ರ. ಅಷ್ಟು ವರ್ಷ ಪಳಗಿದ ಕೈಗೆ ಅದು ಅವಮಾನ. ಸನೋಬರ್ ಹಾಗೇ ಹೇಳಿದರು.

"ನಾಚ್ಕೆ ಪಡೋರು ಹಸ್ಕೊಂಡಿರ್ತಾರೆ. ಹಿಡ್ಕೋ ಅಂದೆ."

ಹಿಡಿದರು, ಬಾಗಿದರು. ರೊಟ್ಟಿ ಗೋಡೆಗೆ ಕಚ್ಚಿಕೊಂಡಿತು. ಅಂದು ಮಧ್ಯಾಹ್ನ ಮೊಳೆಯ ಗಂಟನ್ನು ಇಳಿಸಿ, ಚಹಾ ಕಾಯಿಸಿ, ಸನೋಬರ್ ತಾವೇ ಬಟ್ಟೆ ಬಿಚ್ಚಿದರು. ಕಲ್ಲಿನಂತೆ ಒಣಗಿದ ರೊಟ್ಟಿಯ ಒಂದು ಅಂಚಿನಲ್ಲಿ ಅವರ ಹಲ್ಲಿನ ಗುರುತಿತ್ತು. ಎದುರಿನ ಅಂಚಿನಲ್ಲಿ ಇನ್ನೊಂದು ಗುರುತು. ಯಾರು ಕಚ್ಚಿದ್ದು ಎಂದು ಕೇಳಬೇಕಾಗಿಯೇ ಇರಲಿಲ್ಲ, ಅಲ್ಲಿದ್ದದ್ದು ಮೂರೇ ಹಲ್ಲು.

"ನಿನ್ನ ಬಸ್ಸು ಹೋದ ಮೇಲೆ ಕಚ್ಚಿದೆ," ಎಂದರು ಹಿದಾಯತ್, ಚಹಾ ಬಗ್ಗಿಸುತ್ತ. "ನಾನೂ ಮನೇಲಿರಲಿಲ್ಲ ಕಣೇ, ನಿನ್ನ ಹಿಂದೇನೇ ಬಂದಿದ್ದೆ. ನೀನು ಇನ್ನೂ ಬಂದಿಲ್ಲ ಅಂತ ಕೂತ್ರೆ ನಾನು ಹೆಂಗೆ ಬರ್ಲಿ?"

ಒಬ್ಬರಿಗೆ ಮೂರು ಹಲ್ಲು, ಇನ್ನೊಬ್ಬರಿಗೆ ಅರ್ಧ ಬಾಯಿ. ಇಬ್ಬರೂ ಒಂದೇ ಬಟ್ಟಲಿನಲ್ಲಿ ಅದ್ದಿ ಅದ್ದಿ, ಕತ್ತಲಾಗುವಷ್ಟರಲ್ಲಿ ಅದನ್ನು ಮುಗಿಸಿದರು.

ಈಗ ಎರಡನೆಯ ಸರದಿ ಬೆಂದಿದೆ. ಸನೋಬರ್ ಒಂದು ರೊಟ್ಟಿಗೆ ಬಡಿದು ಎಡಗಿವಿಗೆ ಹಿಡಿದು, ಸರಿ ಎಂಬಂತೆ ತಲೆಯಾಡಿಸುತ್ತಾರೆ. ನಗು ಇನ್ನೂ ಒಂದಿಷ್ಟು ಸೊಟ್ಟ. ಹಿದಾಯತ್ ಸೊಸೆಯ ಬಲಗಡೆ ಕೂತು, ಕರಿಜೀರಿಗೆ ಕಡಿಮೆಯಾಯಿತೆಂದು ಒಂದೇ ಸಮನೆ ಗೊಣಗುತ್ತಿದ್ದಾರೆ. ಇನ್ನೇನು ಬೇಕು ನಿಮಗೆ ಎಂದು ಕೇಳಿದವರಿಗೆ ಸನೋಬರ್ ಅತ್ತೆಯತ್ತ ತಿರುಗದೆಯೇ ಹೇಳುತ್ತಾರೆ:

"ಬೈಯೋವಾಗ ಬಲಗಡೆ ಕೂರ್ತಾರೆ ನೋಡಿ, ಇನ್ನೂ ಬಹಳ ವರ್ಷ ಹಿಂಗೇ ಕೂರ್ಲಿ."