ಹಳದಿಯ ಕೆಳಗೆ

ಗಾಜು ಕೊಯ್ಯುವ ಸಣ್ಣ ಕಿರ್ ಸದ್ದು, ಹಿಂದೆಯೇ ಅದು ಟಪ್ಪೆಂದು ತುಂಡಾಗುವುದು. ಹೆಬ್ಬಗೋಡಿಯ ಆ ಫ್ರೇಮ್ ಅಂಗಡಿ ಎಂದರೆ ನನ್ನ ಕಿವಿಗೆ ಮೊದಲು ಬರುವುದು ಅದು. ಅಂಗಡಿಯವರು ವಿಜಯಪುರದ ಕಡೆಯವರು. ಹೆಂಡತಿಯೊಡನೆ ಹಿಂದಿನ ಬೀದಿಯ ಬಾಡಿಗೆ ರೂಮಿನಲ್ಲಿದ್ದರು. ನನ್ನ ಪೇಂಟಿಂಗುಗಳಿಗೆಲ್ಲ ಅವರದೇ ಫ್ರೇಮು.

ಪೇಂಟಿಂಗುಗಳು ಎಂದೆ. ನಿಜ ಹೇಳಬೇಕೆಂದರೆ ಒಂದೇ ಪೇಂಟಿಂಗು: ಹಳದಿ ಹೊಲ, ಅಂಚಿಗೊಂದು ಹೊಂಗೆ ಮರ. ಎಲೆಕ್ಟ್ರಾನಿಕ್ ಸಿಟಿಯ ಆಫೀಸುಗಳ ಲಾಬಿಗೆ ಅದೇ ಬೇಕು. ದೂರದಿಂದಲೇ ಜನ ನನ್ನದೆಂದು ಗುರುತು ಹಿಡಿಯುತ್ತಿದ್ದರು. ಕಾನ್ವೆಂಟಿನಲ್ಲಿ ನೀಟ್‌ನೆಸ್‌ಗೆ ಪ್ರೈಜ್ ತೆಗೆದುಕೊಂಡವಳಿಗೆ ಅಷ್ಟು ಸಾಕಾಗಿತ್ತು.

ಎಪ್ಪತ್ತು ದಾಟಿದ ಮೇಲೆ, ಹೊಸ ಲಾಬಿಯೊಂದಕ್ಕೆ ಆರ್ಡರ್ ಬಂದಾಗ, ಬ್ರಷ್ ಬಿಟ್ಟು ಬಣ್ಣ ಮೆತ್ತುವ ನೈಫ್ ಹಿಡಿದೆ. ಅಂಗಡಿಯ ಹಿಂದಿನ ರೂಮುಗಳ ಸಾಲು, ನೀರಿನ ಡ್ರಮ್ಮುಗಳು, ತಂತಿಯ ಮೇಲೆ ಬಟ್ಟೆ. ಬೂದು ಬಣ್ಣವನ್ನು ದಪ್ಪಗೆ ಮೆತ್ತಿದೆ. ಅಷ್ಟು ಖುಷಿ ಯಾವತ್ತೂ ಆಗಿರಲಿಲ್ಲ.

ಫ್ರೇಮಿನ ಅಳತೆ ಕೊಡಲು ಒಯ್ದಾಗ ಅಂಗಡಿಯವರು ಕನ್ನಡಕ ಹಾಕಿಕೊಂಡು ನೋಡಿದರು. "ಅಮ್ಮಾರ, ಇದು ನಮ್ಮ ಮನಿ ಐತಲ್ರಿ. ನಮ್ಮಾಕಿ ಸೀರಿನೂ ಬಿಟ್ಟಿಲ್ಲ ನೀವು. ರವಿವಾರ ಬಾ ಅಂತ ಹೇಳ್ತೀನಿ ಅಕಿಗೆ, ನೋಡ್ಲಿ."

ಮನೆಗೆ ಬಂದು, ಆರ್ಡರ್ ಕೊಟ್ಟ ಆಫೀಸಿನ ಡಿಸೈನರ್ ಹುಡುಗಿಗೆ ಫೋಟೋ ಕಳಿಸಿದೆ. ಕೂಡಲೇ ಫೋನ್.

"ಸಕ್ಕತ್ತಾಗಿದೆ ಆಂಟಿ, ಬಟ್ ಇದು ನೀವಲ್ಲ. ಆ ಯೆಲ್ಲೋನೇ ಮಾಡ್ಕೊಡಿ, ಪ್ಲೀಸ್. ಸೋಮವಾರ ಓಪನಿಂಗ್ ಇದೆ."

ಅಷ್ಟು ದೊಡ್ಡ ಕ್ಯಾನ್ವಾಸು ಮನೆಯಲ್ಲಿ ಬೇರೆ ಇರಲಿಲ್ಲ. ಅದು ನೆಪ, ತರಿಸಬಹುದಿತ್ತು. 'ಇದು ನೀವಲ್ಲ' ಎಂದದ್ದಕ್ಕೆ ಹೆದರಿದೆ. ಎರಡು ದಿನ ಕೂತು ಆ ಮನೆಗಳ ಮೇಲೆಲ್ಲ ಹಳದಿ ಬಳಿದೆ.

ಭಾನುವಾರ ಮತ್ತೆ ಒಯ್ದಾಗ ಅಂಗಡಿಯವರು ಅದರ ಮೇಲೆ ಬೆರಳಾಡಿಸಿದರು. ಹಳದಿಯ ಅಡಿಯಲ್ಲಿ ಡ್ರಮ್ಮುಗಳ ಉಬ್ಬು ಇನ್ನೂ ಕೈಗೆ ಸಿಗುತ್ತಿತ್ತು. ಫ್ರೇಮು ಹಾಕಿದರು. ಅಷ್ಟರಲ್ಲಿ ಹೆಂಡತಿ ಬಂದರು, ಹೂ ಮುಡಿದು.

"ಎಲ್ಲೈತ್ರಿ ನಮ್ಮ ಮನಿ?"

ನಾನು ಬಾಯಿ ತೆರೆಯುವ ಮೊದಲೇ ಗಂಡ ಅಂದರು, "ಮಾರಿ ಹೋತು."

"ಅಯ್ಯ, ಆ ಗೂಡು ಯಾರ್ ತಗೊಂಡ್ರಿ? ಸೋರೂದು ಗೊತ್ತಿಲ್ಲೇನ್ ಅವ್ರಿಗೆ?"

ಆಕೆ ನಕ್ಕರು. ನಾನೂ ನಕ್ಕೆ. ಅದನ್ನೇ ಮರೆಯಲಾಗುತ್ತಿಲ್ಲ.

ಅಂಗಡಿಯವರು ಪೇಂಟಿಂಗನ್ನು ಆಟೋದಲ್ಲಿಟ್ಟರು. ಸಾರಿ ಎನ್ನಬೇಕಿತ್ತು, ಥ್ಯಾಂಕ್ಸ್ ಎಂದೆ. ಆಮೇಲೆ ಮುಖ ತೋರಿಸಲಾರದೆ ಸಿಂಗಸಂದ್ರದ ಬೇರೆ ಅಂಗಡಿಯಲ್ಲಿ ಫ್ರೇಮು ಹಾಕಿಸತೊಡಗಿದೆ. ಅವರಿಬ್ಬರನ್ನು ನೋಡಿದ್ದು ಅದೇ ಕೊನೆ. ಆಟೋ ತಿರುಗುವಾಗ ಆಕೆ ಪಕ್ಕದಂಗಡಿಯವಳಿಗೆ ಏನೋ ಹೇಳುತ್ತಿದ್ದರು, ಎರಡೂ ಕೈ ಅಗಲಿಸಿ, ತಮ್ಮ ಮನೆಯ ಚಿತ್ರ ಎಷ್ಟು ದೊಡ್ಡದಿತ್ತೆಂದು ತೋರಿಸುತ್ತ.