ಮೌನೇಶಾಚಾರಿ ತೂಗಿದ ಮಸಿ

ನಮ್ಮ ಬಾಬುರಾಯನಕೊಪ್ಪಲಿನ ಬೀದಿಯಲ್ಲಿ ಎದುರುಬದುರು ಎರಡು ಎತ್ತಿನಗಾಡಿ ಬಂದರೆ ಒಂದು ಹಿಂದೆ ಸರಿಯಬೇಕು. ಅಂಥ ಬೀದಿಗೆ, ಹೆದ್ದಾರಿಯ ಟೋಲ್ ತಪ್ಪಿಸಲು, ಎರಡು ವರ್ಷದಿಂದ ಜಲ್ಲಿ ಲಾರಿಗಳು ನುಗ್ಗುತ್ತಿವೆ. ಒಗೆದು ಹಾಕಿದ ಪಂಚೆ ಒಣಗುವಷ್ಟರಲ್ಲಿ ಕರಿಯಾಗಿರುತ್ತದೆ. ಈ ಲಾರಿಗಳನ್ನು ಬಿಟ್ಟವರ ಮನೆ ಮುಂದೆ ಒಂದು ದಿನ, ಒಂದೇ ದಿನ, ಇವು ಓಡಾಡಬೇಕು.

ಎದುರು ಮನೆ ಅಕ್ಕಸಾಲಿ ಮೌನೇಶಾಚಾರಿಯದು. ನಾವಿಬ್ಬರೂ ಒಟ್ಟಿಗೆ ಮಣ್ಣಾಡಿದವರು. ಹೆಸರಿಗೆ ಮೌನೇಶ, ಬಾಯಿ ಬಿಟ್ಟರೆ ಇಡೀ ಬೀದಿಗೆ ಕೇಳಬೇಕು. ಅರವತ್ತೆರಡು ವರ್ಷದಲ್ಲಿ ನಲವತ್ತೈದನ್ನು ಚಿನ್ನ ಬಡಿಯುವ ಅಡಿಗಲ್ಲಿನ ಮುಂದೆ ಕಳೆದಿದ್ದಾನೆ. ಸುತ್ತಲಿನ ಊರುಗಳ ಎಷ್ಟೋ ಹೆಣ್ಣುಮಕ್ಕಳ ಕೊರಳ ತಾಳಿ ಅವನ ಕೈಯದು. ಅವನ ಕೆಲಸದ ಕೋಣೆಯಲ್ಲಿ ಫ್ಯಾನಿಲ್ಲ, ಕಿಟಕಿ ತೆರೆಯುವುದಿಲ್ಲ. ಅರ ಹಾಕುವಾಗ ಉದುರುವ ಚಿನ್ನದ ಪುಡಿ ಗಾಳಿಗೆ ಹಾರಬಾರದಲ್ಲ. ನೆಲದ ಕಸವನ್ನೂ ಗುಡಿಸಿ ಕಟ್ಟಿಡುವ ಜನ ಅವರು.

ಅವನ ಮೊಮ್ಮಗಳು ಸ್ಪಂದನಗೆ ಆರು ವರ್ಷ. ಲಾರಿಗಳು ಬಂದ ಮೇಲೆ ಮಗುವಿಗೆ ಉಬ್ಬಸ ಹಿಡಿಯಿತು. ಹೊಗೆ ತಾಕದಿರಲೆಂದು ಆಚಾರಿ ಅವಳನ್ನು ಶಾಲೆಯಿಂದ ಬಂದೊಡನೆ ಆ ಕೋಣೆಯಲ್ಲೇ ಪಕ್ಕಕ್ಕೆ ಕೂರಿಸಿಕೊಳ್ಳತೊಡಗಿದ. ಚಿನ್ನದ ಪುಡಿ ಹೊರಗೆ ಹೋಗದ ಕೋಣೆಗೆ ಹೊಗೆ ಹೇಗೆ ಬಂದೀತು ಎಂಬುದು ಅವನ ಎಣಿಕೆ.

ಲಾರಿಗಳನ್ನು ತಡೆಯಿರೆಂದು ಮಾಲಿನ್ಯ ನಿಯಂತ್ರಣ ಕಚೇರಿಗೆ ಅರ್ಜಿ ಬರೆದವನು ನಾನು. ಕಚೇರಿಯ ಸಾಹೇಬರು ಓದಿ, "ಗಾಳಿ ಕೆಟ್ಟಿದೆ ಅನ್ನೋಕೆ ಅಳತೆ ಎಲ್ಲಿದೆ? ನಿಮ್ಮೂರಲ್ಲಿ ಅಳೆಯೋ ಯಂತ್ರಾನೇ ಇಲ್ವಲ್ಲ" ಎಂದರು. ಯಂತ್ರ ಇಡಬೇಕಾದವರೇ ಯಂತ್ರವಿಲ್ಲ ಎನ್ನುತ್ತಾರೆ! ನನಗೆ ಮೈಯೆಲ್ಲ ಉರಿದುಹೋಯಿತು.

"ಅಳ್ತೆ ತಾನೆ ಬೇಕಾಗಿರಾದು? ನಾ ಕೊಡ್ತೀನಿ ಬುಡ್ಲಾ," ಎಂದ ಆಚಾರಿ.

ಮರುದಿನದಿಂದ ಜಗಲಿಯ ಮೇಲೊಂದು ಹಿತ್ತಾಳೆ ತಟ್ಟೆ ಕೂತಿತು. ಸಂಜೆ ಅದರಲ್ಲಿ ಬಿದ್ದ ಮಸಿಯನ್ನು ಕುಂಚದಿಂದ ಬಳಿದು, ಚಿನ್ನದ ತಕ್ಕಡಿಗೆ ಹಾಕಿ, ಗುಲಗಂಜಿ ಇಟ್ಟು ತೂಗಿ, ಪೊಟ್ಟಣ ಕಟ್ಟಿಡುತ್ತಿದ್ದ. ದಿನಕ್ಕೆ ಎರಡು ಗುಲಗಂಜಿ ತೂಕ. ಒಂದು ತಿಂಗಳ ಪೊಟ್ಟಣಗಳನ್ನು ಕಚೇರಿಗೆ ಒಯ್ದು ಮೇಜಿನ ಮೇಲೆ ಸುರಿದರೆ ಸಾಹೇಬರು ನಕ್ಕರು. "ಆಚಾರ್ರೇ, ಚಿನ್ನ ಕಾಯಿಸೋಕೆ ದಿನಾ ದೀಪ ಉರಿಸಿ ಊದೋರು ನೀವು. ಇದು ನಿಮ್ಮನೆ ಹೊಗೇನೇ ಇರ್ಬೇಕು."

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು?

ಆಚಾರಿ ಹಟಕ್ಕೆ ಬಿದ್ದ. ಒಪ್ಪಿಕೊಂಡಿದ್ದ ತಾಳಿಯನ್ನೂ ಬೇರೆಯವರಿಗೆ ಬಿಟ್ಟು, ಒಂದು ವಾರ ದೀಪವನ್ನೇ ಹಚ್ಚಲಿಲ್ಲ. ತನ್ನ ಮನೆಯಲ್ಲಿ ಹೊಗೆಯಿಲ್ಲವೆಂದು ತೋರಿಸಲು ಕೋಣೆಯೊಳಗೂ ಒಂದು ತಟ್ಟೆ ಇಟ್ಟ. ವಾರ ಕಳೆದ ಮೇಲೆ ನನ್ನನ್ನು ಕೂಗಿ ಕರೆದ. ಬೀದಿಯ ತಟ್ಟೆ ಎಂದಿನಂತೆ ಕರ್ರಗಿತ್ತು. ಒಳಗಿನ ತಟ್ಟೆಯಲ್ಲೂ ಕಾಡಿಗೆಯಷ್ಟು ನುಣುಪಾದ ಮಸಿ, ಮೂರು ಗುಲಗಂಜಿ.

"ನೋಡ್ಲಾ! ಬೆಂಕೀನೇ ಅಚ್ಚಿಲ್ಲ. ಇದೂ ಲಾರೀದೇ! ಇನ್ನೇನಂತಾನೆ ಅವ್ನು?" ಅವನ ಮುಖದಲ್ಲಿ ಗೆದ್ದ ಕಳೆಯಿತ್ತು.

ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಚೆಲುವಮ್ಮ, "ಅಯ್ಯೋ, ಮಗೀನ ಕೂರಿಸ್ಕತಿದ್ದುದು ಇದೇ ಕೋಣೇಲಿ ಅಲ್ವಾ?" ಎಂದಳು.

ಆಚಾರಿ ತಟ್ಟೆಯನ್ನು ಕೆಳಗಿಟ್ಟ. ಸಂದಿಯಿಂದ ನುಸುಳಿದ ಹೊಗೆ ಹೊರಹೋಗಲು ದಾರಿ ಕಾಣದೆ ಅಲ್ಲೇ ಕೂತಿತ್ತು. ಆರು ತಿಂಗಳಿಂದ ಮಗುವೂ ಅಲ್ಲೇ ಕೂತಿತ್ತು.

ಅಡಿಗಲ್ಲು ನೆಟ್ಟ ಮರದ ದಿಮ್ಮಿಯನ್ನು ದರದರ ಎಳೆದು ತಂದು ಬೀದಿಯ ನಡುವೆ ಕೆಡವಿ, ಅದರ ಮುಂದೆ ಕೂತುಬಿಟ್ಟ. "ನನ್ ಮ್ಯಾಲೆ ಅತ್ತುಸ್ಕಂಡ್ ಓಗ್ರಲಾ!" ನಾನೂ ಹೋಗಿ ಪಕ್ಕದಲ್ಲಿ ಕೂತೆ. ನನ್ನ ಜೀವಮಾನದಲ್ಲಿ ಅಷ್ಟು ಹೆಮ್ಮೆಯಿಂದ ನಾನೆಲ್ಲೂ ಕೂತಿರಲಿಲ್ಲ.

ಬೀದಿಯ ಎರಡೂ ತುದಿಗೆ ಹತ್ತು ಹನ್ನೆರಡು ಲಾರಿ ಸೇರಿದವು. ಒಬ್ಬನೂ ಎಂಜಿನ್ ನಿಲ್ಲಿಸಲಿಲ್ಲ. ಹಾರನ್ನು ಒತ್ತುತ್ತ, ಬೇಕೆಂದೇ ಎಂಜಿನ್ ಏರಿಸುತ್ತ ಕೂತರು ಪಾಪಿಗಳು. ಅರ್ಧ ಗಂಟೆಯಲ್ಲಿ ಎದುರು ಮನೆ ನನಗೇ ಕಾಣದಷ್ಟು ಹೊಗೆ ಕಟ್ಟಿತು. ಆಗ ಚೆಲುವಮ್ಮ ಕಿರುಚಿಕೊಂಡು ಹೊರಬಂದಳು. ತೋಳಲ್ಲಿ ಸ್ಪಂದನ, ತುಟಿ ನೀಲಿ. ಆಸ್ಪತ್ರೆಗೆ ಒಯ್ಯಲು ಆಟೋ ಬರಬೇಕು, ಬರಲು ಜಾಗವಿಲ್ಲ.

ಆಚಾರಿ ಎದ್ದ. ದಿಮ್ಮಿಯನ್ನು ಒಬ್ಬನೇ ಚರಂಡಿಗೆ ಉರುಳಿಸಿದ. ಲಾರಿಗಳ ಮುಂದೆ ಓಡಾಡುತ್ತ, ಒಂದು ಕಡೆಯವಕ್ಕೆ ಹಿಂದೆ ಸರಿಯಿರೆಂದು, ಇನ್ನೊಂದು ಕಡೆಯವಕ್ಕೆ ಮುಂದೆ ಹೋಗಿರೆಂದು ಒಂದೊಂದಕ್ಕೂ ಕೈಮುಗಿದ. "ಓಗ್ರಪ್ಪಾ, ಬೇಗ ಓಗ್ರಪ್ಪಾ!"

ಮಗು ಸಂಜೆಗೆ ಆಸ್ಪತ್ರೆಯಲ್ಲಿ ಸುಧಾರಿಸಿಕೊಂಡಿತು. ಆದರೆ ಲಾರಿಗಳು ಕದಲುತ್ತಿದ್ದ ಆ ಹೊತ್ತಿನಲ್ಲಿ ಚಾಲಕನೊಬ್ಬ ಕಿಟಕಿಯಿಂದ ಬಗ್ಗಿ, "ಈಗ ಬುದ್ಧಿ ಬಂತಾ ತಾತ?" ಎಂದ. ಬೀದಿಗೆ ಕೇಳುವ ಬಾಯಿಯ ಮೌನೇಶಾಚಾರಿ ಅವನಿಗೂ ಕೈಮುಗಿದ. ಪಕ್ಕದಲ್ಲಿ ನಿಂತು ನಾನೂ ಲಾರಿಗಳಿಗೆ ದಾರಿ ತೋರಿಸಿದೆ.